ಕೈಗೆ ಕೊಡುವ ಕಾಸು

ಗುಂಡ್ಲುಪೇಟೆ ದಾರಿಗಳು ಕವಲೊಡೆಯುವ ಊರು. ಮೈಸೂರಿನಿಂದ ನಂಜನಗೂಡು, ಬೇಗೂರು ದಾಟಿ ಬಂದ ರಸ್ತೆ ಇಲ್ಲಿ ಎರಡಾಗುತ್ತದೆ. ಒಂದು ಬಂಡೀಪುರದ ಕಾಡು ಹಾಯ್ದು ಊಟಿಯ ಕಡೆಗೆ, ಇನ್ನೊಂದು ಮದ್ದೂರು, ಮೂಲೆಹೊಳೆ ಮೇಲೆ ಸುಲ್ತಾನ್ ಬತ್ತೇರಿಗೆ. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ರಸ್ತೆ ಬೇರೆಯೇ. ಹಾಗಾಗಿ ನಮ್ಮೂರ ಹೋಟೆಲುಗಳಲ್ಲಿ ಊಟಕ್ಕೆ ಕೂರುವವರಲ್ಲಿ ಬಹಳ ಜನ ಹೊರಗಿನವರು, ಒಮ್ಮೆ ಉಂಡು ಹೋದರೆ ಮತ್ತೆ ಕಣ್ಣಿಗೆ ಬೀಳದವರು. ಅಂಥವರು ಬಿಲ್ಲಿನ ತಟ್ಟೆಯಲ್ಲಿ ಬಿಟ್ಟುಹೋಗುವ ಚಿಲ್ಲರೆಯನ್ನು ಎತ್ತಿಕೊಂಡ ಕೈ ನನ್ನದು. ಎಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಓದುತ್ತಿದ್ದಾಗ, ರಜೆ ಬಂತೆಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಕೆಲಸಕ್ಕೆ ನಿಲ್ಲುತ್ತಿದ್ದೆ. ಅಪ್ಪನಿಗೆ ಇದ್ದದ್ದು ಮಳೆ ನಂಬಿದ ಹೊಲ. ಪುಸ್ತಕ, ಫೀಸು, ಬಸ್ ಚಾರ್ಜು ಎಲ್ಲಕ್ಕೂ ಆ ಕೆಲಸವೇ ಆಧಾರ.

ಏಪ್ರಿಲ್, ಮೇ ತಿಂಗಳು ಊಟಿ ಸೀಸನ್. ಬೆಂಗಳೂರು, ಮೈಸೂರಿನ ಕಾರುಗಳು, ಕಾಲೇಜು ಹುಡುಗರ ಪ್ರವಾಸದ ಬಸ್ಸುಗಳು ಬೆಳಗಿನ ತಿಂಡಿಯ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದವು. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಅಯ್ಯಪ್ಪ ಮಾಲೆ ಹಾಕಿದವರ ಕಾಲ. ವರ್ಷವಿಡೀ ಇರುತ್ತಿದ್ದವರು ಲಾರಿಯವರು. ನಮ್ಮ ಕಡೆಯ ಟೊಮೆಟೊ, ಕೋಸು, ಬಾಳೆಗೊನೆ ಹೇರಿಕೊಂಡು ಘಟ್ಟ ಇಳಿದು ಕೇರಳಕ್ಕೆ ಹೋಗುವವರು. ಯಾರು ಹೇಗೆ ಕೊಡುತ್ತಾರೆ ಎನ್ನುವುದು ಕೆಲವೇ ದಿನಗಳಲ್ಲಿ ತಿಳಿದುಹೋಗುತ್ತಿತ್ತು. ಕಾರಿನವರು ಸೋಂಪಿನ ತಟ್ಟೆಯಲ್ಲಿ ಬಿಲ್ಲಿನ ಚಿಲ್ಲರೆಯನ್ನು ಹಾಗೇ ಬಿಟ್ಟು, ತಿರುಗಿ ನೋಡದೆ ಎದ್ದು ಹೋಗುತ್ತಿದ್ದರು. ನಾಕಾಣೆ, ಎಂಟಾಣೆ, ಅಪರೂಪಕ್ಕೆ ಎರಡು ರೂಪಾಯಿಯ ನೋಟು. ಮಾಲೆ ಹಾಕಿದವರು ಗುಂಪಿನ ಹಿರಿಯರ ಕೈಯಲ್ಲಿ ಕೊಡಿಸುತ್ತಿದ್ದರು, ಕೊಡುವಾಗ ನನ್ನಂಥ ಹುಡುಗನನ್ನೂ ‘ಸ್ವಾಮಿ’ ಎಂದೇ ಕರೆಯುತ್ತಿದ್ದರು. ಲಾರಿಯವರು ತಟ್ಟೆಯಲ್ಲಿ ಬಿಡುತ್ತಿರಲಿಲ್ಲ. ಕೈ ತೊಳೆದು, ಬೀಡಿ ಹಚ್ಚಿ, ಹೊರಗೆ ನಿಂತು ಹೆಸರು ಹಿಡಿದು ಕೂಗಿ, ಅಂಗೈಗೆ ಕಾಸು ಒತ್ತುತ್ತಿದ್ದರು. ‘ಓದ್ತಿದ್ದೀಯಂತಲ್ಲ, ಪೆನ್ನು ತಗೊ’ ಎಂದ ಒಬ್ಬ ತಮಿಳು ಡ್ರೈವರಿನ ಮುಖ ನನಗೆ ಇವತ್ತಿಗೂ ನೆನಪಿದೆ. ಮೊತ್ತ ನೆನಪಿಲ್ಲ.

ಆ ಹೋಟೆಲಿನ ಹಿರಿಯ ಸಪ್ಲೈಯರ್ ಕುಂದಾಪುರದ ಕಡೆಯವರು. ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಊರು ಬಿಟ್ಟು, ಮೈಸೂರಿನ ಹೋಟೆಲುಗಳಲ್ಲಿ ಲೋಟ ತೊಳೆದು ಮೇಲೆ ಬಂದವರು. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ಅವರು ಮಾಡಿದ ಒಂದು ಏರ್ಪಾಟು ನನ್ನ ಮನಸ್ಸಿನಲ್ಲಿ ಈಗಲೂ ಉಳಿದಿದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಎಲ್ಲರ ಜೇಬಿನ ಟಿಪ್ಸನ್ನೂ ಒಂದು ಸ್ಟೀಲ್ ತಟ್ಟೆಗೆ ಸುರಿಸುತ್ತಿದ್ದರು. ಹಂಚುವ ಮುಂಚೆ, ‘ಒಳಗಿನವರದ್ದು ಮೊದಲು ತೆಗಿ ಮಾರಾಯ’ ಎನ್ನುವರು. ಒಳಗಿನವರೆಂದರೆ ಹಿತ್ತಲ ಬಾಗಿಲ ಹತ್ತಿರ ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಮುಸುರೆ ತೊಳೆಯುತ್ತಿದ್ದ ವಯಸ್ಸಾದ ಹೆಂಗಸು, ರುಬ್ಬುಕಲ್ಲಿನ ಮುಂದಿನ ಇನ್ನೊಬ್ಬಾಕೆ, ಟೇಬಲ್ ಒರೆಸುವ ಹುಡುಗ. ಹೋಟೆಲಿಗೆ ಬಂದ ಯಾವ ಗಿರಾಕಿಯೂ ಆ ಇಬ್ಬರು ಹೆಂಗಸರನ್ನು ಕಂಡವರಲ್ಲ. ತಟ್ಟೆ ಫಳಫಳ ಹೊಳೆಯುತ್ತಿದ್ದದ್ದು, ಚಟ್ನಿ ನುಣ್ಣಗಿದ್ದದ್ದು ಅವರಿಂದ. ಕಾಸು ಮಾತ್ರ ನಗುತ್ತಾ ದೋಸೆ ತಂದಿಟ್ಟ ನನಗೆ. ಅಣ್ಣ ಇದನ್ನು ನ್ಯಾಯದ ಮಾತಾಗಿ ಹೇಳಿದವರಲ್ಲ, ವಾದಿಸಿದವರಲ್ಲ. ದಿನಾ ಮಾಡುತ್ತಿದ್ದರು, ಅಷ್ಟೆ. ಒಮ್ಮೆ ಹೊಸದಾಗಿ ಸೇರಿದ ಹುಡುಗನೊಬ್ಬ ‘ನನ್ ಟೇಬಲ್‌ಗೆ ಬಂದದ್ದು ನಂದು’ ಎಂದು ಜಗಳಕ್ಕೆ ನಿಂತ. ಅಣ್ಣ ಅವನನ್ನು ಮಾರನೆಯ ದಿನ ಹಿತ್ತಲಿಗೆ ಹಾಕಿದರು. ಸಂಜೆಯ ಹೊತ್ತಿಗೆ ಬೂದಿ, ಹುಣಸೆ ತಿಂದು ಅವನ ಬೆರಳ ತುದಿಗಳು ಬಿರಿದಿದ್ದವು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಟೇಬಲ್ ಒರೆಸುತ್ತಿದ್ದ ಆ ಹುಡುಗನಂಥವರನ್ನು ಈಗ ಯಾವ ಹೋಟೆಲಿನವರೂ ಇಟ್ಟುಕೊಳ್ಳುವಂತಿಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ದುಡಿಸುವುದು ನಿಷೇಧವಾಯಿತು. ಅವತ್ತು ಆ ಸುದ್ದಿ ಪೇಪರಿನಲ್ಲಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅವನೇ. ಅವನಿಗೆ ಬೇಕಾಗಿದ್ದದ್ದು ನಮ್ಮ ತಟ್ಟೆಯ ಪಾಲಲ್ಲ, ಸ್ಕೂಲು.

ಕೊಡುವುದು, ತೆಗೆದುಕೊಳ್ಳುವುದು ನನಗೆ ಹೋಟೆಲಿನಲ್ಲೇ ಮೊದಲು ಕಂಡದ್ದಲ್ಲ. ತೆರಕಣಾಂಬಿಯ ಹತ್ತಿರ ನಮ್ಮ ಅಜ್ಜಿಯ ಊರು. ರಾಗಿ ಒಕ್ಕಣೆ ಮುಗಿದು, ತೂರಿ, ರಾಶಿ ಮಾಡಿ ಪೂಜೆಯಾದ ಮೇಲೆ ಕಣದ ಅಂಚಿನಲ್ಲಿ ಜನ ನಿಂತಿರುತ್ತಿದ್ದರು. ನೇಗಿಲ ಗುಳ ತಟ್ಟಿಕೊಟ್ಟವರು, ಬಟ್ಟೆ ಒಗೆದವರು, ಕ್ಷೌರ ಮಾಡಿದವರು, ಕೆರೆಯ ನೀರು ಬಿಟ್ಟವರು, ಸತ್ತ ದನ ಹೊತ್ತವರು. ಅವರವರ ಆಯವೆಂದು ಮೊರದಲ್ಲಿ ಅಳೆದು ಹಾಕುತ್ತಿದ್ದರು. ರಾಶಿ ಮನೆಯೊಳಕ್ಕೆ ಹೋಗುವ ಮುಂಚೆಯೇ ಅವರ ಪಾಲು ಹೊರಡಬೇಕು, ಅದು ಕಟ್ಟಳೆ. ಈ ಪದ್ಧತಿಯನ್ನು ಹಾಡಿ ಹೊಗಳುವವರನ್ನು ನಾನು ನೋಡಿದ್ದೇನೆ. ನನಗೆ ಅದು ಆಗುವುದಿಲ್ಲ. ಕಣದಲ್ಲಿ ನಿಂತು ನೋಡಿದ ಹುಡುಗನಿಗೆ ಕಂಡದ್ದೇ ಬೇರೆ. ಕೆಲವರಿಗೆ ಮೊರದಿಂದ ಮೊರಕ್ಕೆ ಸುರಿಯುತ್ತಿದ್ದರು, ಕೆಲವರು ದೂರದಲ್ಲಿ ಸೆರಗು, ಟವೆಲು ಒಡ್ಡಿ ನಿಲ್ಲಬೇಕಿತ್ತು. ಮೇಲಿನಿಂದ ಬೀಳುವ ರಾಗಿ. ವರ್ಷವಿಡೀ ದುಡಿದವರ ಬಾಯಲ್ಲಿ ‘ಒಸಿ ಹಾಕಿ ಬುದ್ಧಿ’. ನನ್ನ ಅಜ್ಜಿ ಕೈ ಬಿಗಿಹಿಡಿದವಳಲ್ಲ, ಆದರೂ ಆ ಎತ್ತರ ತಗ್ಗು ಹಾಗೇ ಇತ್ತು. ಸರ್ಕಾರ 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು ತಂದಿತ್ತು. ಕಣದಲ್ಲಿ ಮಾತ್ರ ಆ ಪದ್ಧತಿ ನನ್ನ ಬಾಲ್ಯದ ತನಕವೂ ನಡೆದುಬಂತು.

ಹಾಗಾಗಿ ಹೋಟೆಲಿನಲ್ಲಿ ತಟ್ಟೆಯಿಂದ ಚಿಲ್ಲರೆ ಎತ್ತಿಕೊಳ್ಳುವಾಗ ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಸಂಬಳ ಕೇಳುವಾಗ ಆಗದ ಮುಜುಗರ. ಹೆಸರು ಹಿಡಿದು ಕರೆದು ಕೊಟ್ಟ ಲಾರಿಯವರ ಕಾಸಿಗೆ ಮಾತ್ರ ಆ ಕಸಿವಿಸಿ ಇರಲಿಲ್ಲ. ಅವರೂ ದುಡಿಯುವವರು, ಇನ್ನೊಬ್ಬರ ಲಾರಿ ಓಡಿಸುವವರು. ಕೊಡುವ ಕೈ ನನ್ನ ಕೈಯ ಮಟ್ಟದಲ್ಲೇ ಇತ್ತು. ಇನ್ನೊಬ್ಬರಿಗೆ ನಾಲ್ಕು ಕಾಸು ಹೆಚ್ಚು ಕೊಡುವಾಗ ಇಷ್ಟನ್ನಾದರೂ ನೋಡಿಕೊಳ್ಳಬೇಕು ಅನ್ನಿಸುತ್ತದೆ. ಅವರನ್ನು ಕೇಳುವಂತೆ ಮಾಡಬಾರದು, ಕಾಯಿಸಬಾರದು, ನಾಲ್ಕು ಜನರ ಎದುರಿಗೆ ಎತ್ತಿ ತೋರಿಸಬಾರದು.

1997ರ ಆಗಸ್ಟ್‌ನಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ನನ್ನ ಕೆಲಸವೂ ಅಲ್ಲಿಗೇ ವರ್ಗವಾಗಿ, ಚಾಮರಾಜೇಶ್ವರ ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ಹಿಡಿದೆವು. ಅರಿಕುಠಾರವೆಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು, 1826ರಲ್ಲಿ ಕಟ್ಟಿಸಿದ ದೇವಸ್ಥಾನ ಅದು. ಆಷಾಢದಲ್ಲಿ ತೇರು. ಮದುವೆಯಾದ ಹೊಸ ಜೋಡಿಗಳು ಬಂದು ಹಣ್ಣು ಜವನ ಎಸೆಯುತ್ತಾರೆ. ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಜೊತೆಗೆ ‘ಕಾಫಿಗೇನಾದ್ರೂ’ ಎನ್ನುವ ಮಾತೂ ಬಂತು. ಇಲ್ಲಿಂದ ಮುಂದೆ ನನಗೆ ಕಾಸಿನ ಇನ್ನೊಂದು ಮುಖ ಕಾಣತೊಡಗಿತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದರು, ಹೂ ಕಟ್ಟಿ ಮಾರುವವರು. ಅವರ ವಿಧವಾ ವೇತನ ಆಗ ಮನಿಯಾರ್ಡರಿನಲ್ಲಿ ಬರುತ್ತಿತ್ತು. ತಂದುಕೊಡುತ್ತಿದ್ದವರು ಹಣ ಎಣಿಸುವಾಗಲೇ ತಮ್ಮ ಹತ್ತು ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ‘ಪಾಪ, ಬಿಸ್ಲಲ್ಲಿ ಬತ್ತರ, ಓಗ್ಲಿ ಬುಡಿ ಸಾ’ ಎಂದು ಆಕೆಯೇ ನನ್ನನ್ನು ಸಮಾಧಾನ ಮಾಡುತ್ತಿದ್ದರು. ಅದೇ ಬೀದಿಗೆ ಅವರ ನಂತರ ಬಂದ ಇನ್ನೊಬ್ಬ ಅಂಚೆಯಣ್ಣ ಒಂದು ಲೋಟ ನೀರು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು, ಎರಡು ಸಲ ಎಣಿಸಿ, ಆಕೆಯ ಕೈಗೇ ಎಣಿಸಲು ಕೊಟ್ಟು, ಆಮೇಲೆ ಸೈಕಲ್ ಹತ್ತುತ್ತಿದ್ದರು. ಆಯುಧಪೂಜೆಗೆ ಆಕೆ ಅವರ ಸೈಕಲ್ಲಿಗೆ ಒಂದು ಮೊಳ ಸೇವಂತಿಗೆ ಕಟ್ಟಿ ಕೊಟ್ಟಾಗ ಮಾತ್ರ ಬೇಡವೆನ್ನಲಿಲ್ಲ. ಹತ್ತು ರೂಪಾಯಿಯೂ ಒಂದು ಮೊಳ ಹೂವೂ ಒಂದೇ ಕೈಯಿಂದ ಹೊರಟವು. ಮೊದಲನೆಯದನ್ನು ಕೊಡದಿರುವ ಧೈರ್ಯ ಆಕೆಗೆ ಇರಲಿಲ್ಲ. ಈಗ ಪಿಂಚಣಿ ಖಾತೆಗೇ ಬೀಳುತ್ತದೆ. ಆ ಹತ್ತು ರೂಪಾಯಿ ಉಳಿಯಿತು, ಅದು ಒಳ್ಳೆಯದೇ ಆಯಿತು.

ಹೆರಿಗೆಯ ವಾರ್ಡುಗಳಲ್ಲಿ ನಡೆಯುವುದನ್ನು ನೋಡಿದವರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಮಗುವನ್ನು ತೋರಿಸುವ ಮುಂಚೆಯೇ ಕೈಯೊಡ್ಡುವುದು. ಒಂದು ಆಸ್ಪತ್ರೆಯಲ್ಲಿ ನನ್ನ ತಂಗಿಗೇ ಹೀಗಾಯಿತು. ಖುಷಿಗೆ ಕೇಳುತ್ತಿದ್ದೇವೆ ಎನ್ನುತ್ತಿದ್ದರು ಅವರು. ನೋವಿನಲ್ಲಿರುವವರ, ಹೆದರಿದವರ, ಬೇಡವೆನ್ನಲಾಗದವರ ಹತ್ತಿರ ಕೆಲಸಕ್ಕೆ ಮುಂಚೆ ತೆಗೆದುಕೊಳ್ಳುವುದನ್ನು ಇನಾಮು ಎನ್ನಲು ನನ್ನಿಂದ ಸಾಧ್ಯವಿಲ್ಲ. ಹಾಗೆಂದು ಆ ಆಯಾಗಳ ಮೇಲೆ ಮಾತ್ರ ಸಿಟ್ಟು ಮಾಡಿ ಮುಗಿಸಲೂ ಆಗುವುದಿಲ್ಲ. ಅವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಕೈಕೆಳಗಿನವರು, ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿತ್ತೆಂದು ತಂಗಿಯ ಪಕ್ಕದ ಮಂಚದವಳ ಹತ್ತಿರ ಒಬ್ಬಾಕೆ ಅತ್ತದ್ದನ್ನೂ ಕೇಳಿದ್ದೇನೆ.

ಗ್ಯಾಸಿನವರ ವಿಷಯದಲ್ಲಿ ನಮ್ಮ ಕಟ್ಟಡದಲ್ಲೇ ವರ್ಷಗಟ್ಟಲೆ ಚರ್ಚೆ ನಡೆದಿದೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಸಿಲಿಂಡರಿನೊಳಗಿನ ಅನಿಲ 14.2 ಕಿಲೋ. ಕಬ್ಬಿಣದ ತೂಕವೂ ಸೇರಿದರೆ ಸುಮಾರು ಮೂವತ್ತು ಕಿಲೋ ಭುಜದ ಮೇಲೆ. ಮನೆಬಾಗಿಲಿಗೆ ತಲುಪಿಸುವ ಖರ್ಚು ಬಿಲ್ಲಿನ ಬೆಲೆಯಲ್ಲೇ ಸೇರಿರುತ್ತದೆ, ಗೋಡೌನಿಗೇ ಹೋಗಿ ತಂದುಕೊಂಡರೆ ಅಷ್ಟನ್ನು ಬಿಟ್ಟುಕೊಡಬೇಕು ಎನ್ನುವುದು ನಿಯಮ. ಕೆಳಗಿನ ಮನೆಯ ಮೇಷ್ಟ್ರು ಈ ನಿಯಮವನ್ನು ಅಕ್ಷರಶಃ ಬಲ್ಲವರು, ಬಿಲ್ಲಿಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟವರಲ್ಲ. ಅವರ ಮಾತು ಸರಿ. ಬಿಲ್ಲಿನ ಮೇಲೆ ಇಷ್ಟು ಕೊಡಲೇಬೇಕು ಎಂದು ಬಾಗಿಲಲ್ಲಿ ನಿಂತು ಹಟ ಮಾಡುವವರೂ ಇದ್ದಾರೆ, ಬಡವರ ಮನೆಯಲ್ಲಿ ಅದು ಒಂದು ಹೊತ್ತಿನ ಹಾಲಿನ ದುಡ್ಡು. ಮೇಷ್ಟ್ರು ಅಂಥ ಬಡವರ ಪರವಾಗಿ ಏಜೆನ್ಸಿಗೆ ದೂರು ಬರೆದುಕೊಟ್ಟಿದ್ದಾರೆ. ನನ್ನ ಹೆಂಡತಿಯ ಲೆಕ್ಕ ಬೇರೆ. ‘ಬಿಲ್ಲಲ್ಲಿರೋದು ಏಜೆನ್ಸಿಯವ್ರಿಗೆ ಹೋಗ್ತದೆ. ಮೆಟ್ಲು ಹತ್ತಿದ ಕಾಲು ಇವನ್ದು’ ಎನ್ನುತ್ತಾಳೆ. ಅವಳು ಮೊದಲು ಸಿಲಿಂಡರ್ ತೂಗಿಸುತ್ತಾಳೆ, ವಾಷರ್ ನೋಡಿಸುತ್ತಾಳೆ, ಬಿಲ್ಲಿನ ಹಣವನ್ನು ಪೈಸೆ ಸಹಿತ ಕೊಡುತ್ತಾಳೆ. ಅದಾದ ಮೇಲೆ ಮಜ್ಜಿಗೆ ಮತ್ತು ಬೇರೆಯಾಗಿ ಒಂದು ನೋಟು. ಎರಡನ್ನೂ ಬೆರೆಸುವುದಿಲ್ಲ. ಚಿಲ್ಲರೆ ಇಟ್ಟುಕೊ ಎಂದು ಬಿಲ್ಲಿನ ಉಳಿಕೆಯನ್ನೇ ಬಿಟ್ಟುಬಿಡುವುದು ಅವಳಿಗೆ ಸೇರದು. ಬಿಟ್ಟದ್ದನ್ನು ಕೊಟ್ಟದ್ದೆಂದು ಹೇಳಬಾರದಂತೆ. ಈ ಒಂದು ವಿಷಯದಲ್ಲಿ ನಾನು ಅವಳ ಶಿಷ್ಯ.

ದೊಡ್ಡ ಊರಿನ ಹೋಟೆಲುಗಳು ಇದನ್ನು ಬಿಲ್ಲಿನೊಳಗೇ ಬೆರೆಸಿಬಿಟ್ಟಿದ್ದವು. ಮಗನ ಜೊತೆ ಬೆಂಗಳೂರಿನಲ್ಲಿ ಊಟ ಮಾಡಿದಾಗ ಬಿಲ್ಲಿನ ಕೆಳಗೆ ಸರ್ವಿಸ್ ಚಾರ್ಜ್ ಎಂದು ಇನ್ನೊಂದು ಸಾಲು. ಬಡಿಸಿದವನನ್ನು ಅದು ನಿಮಗೆ ಬರುತ್ತದಾ ಎಂದು ಮೆಲ್ಲಗೆ ಕೇಳಿದೆ. ಅವನು ಕ್ಯಾಷಿನ ಕಡೆ ನೋಡಿ ಸುಮ್ಮನಾದ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಈ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಮಾರ್ಗಸೂಚಿ ಹೊರಡಿಸಿತು, ಹೋಟೆಲು ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆ ತೀರ್ಪು ಓದಿ ನನಗೆ ಸಂತೋಷವಾಯಿತು. ಆದರೂ ಹಿತ್ತಲಿನವರಿಗೆ ಮೊದಲು ಪಾಲು ತೆಗೆಯುವ ಅಣ್ಣನಂಥವರು ಇಲ್ಲದ ಕಡೆ, ಟೇಬಲ್ ಮೇಲೆ ನಾನು ಬಿಟ್ಟ ನೋಟು ತಟ್ಟೆ ತೊಳೆದವರನ್ನು ಮುಟ್ಟುವುದಿಲ್ಲ. ಅದಕ್ಕೆ ಕೋರ್ಟು ಏನು ಮಾಡೀತು?

ಈಗ ಚಾಮರಾಜನಗರದಲ್ಲೂ ಬಣ್ಣದ ಟೀಶರ್ಟಿನ ಹುಡುಗರು ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು ಭುವನೇಶ್ವರಿ ವೃತ್ತದಲ್ಲಿ, ಸತ್ತಿ ರಸ್ತೆಯಲ್ಲಿ ಕಾಣುತ್ತಾರೆ. ಸಂತೇಮರಹಳ್ಳಿ, ಹರದನಹಳ್ಳಿ ಕಡೆಯ ಹಳ್ಳಿಗಳಿಂದ ಬಂದವರು, ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು. ನಮ್ಮ ಮನೆಗೆ ಅವರು ಬರುವ ರೀತಿ ವಿಚಿತ್ರ. ಆರ್ಡರ್ ಮಾಡುವವನು ಬೆಂಗಳೂರಿನಲ್ಲಿರುವ ಮಗ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಅಡುಗೆ ಬಾರದು ಎಂದು ಅಲ್ಲಿಂದಲೇ ಊಟ ಕಳಿಸುತ್ತಾನೆ. ಹಣ ಅಲ್ಲಿಂದ, ಟಿಪ್ಸೂ ಅಲ್ಲಿಂದ, ಇಪ್ಪತ್ತು ಮೂವತ್ತು ಎಂದು ಬರೆದ ಗುಂಡಿ ಒತ್ತಿದರೆ ಆಯಿತಂತೆ. ಎರಡು ಮಹಡಿ ಹತ್ತಿ ಬಂದು ನನ್ನೆದುರು ನಿಂತವನ ತೋಳಿನಿಂದ ಮಾತ್ರ ಮಳೆನೀರು ಇಳಿಯುತ್ತಿರುತ್ತದೆ.

ಒಂದು ರಾತ್ರಿ ಹಾಗೆ ಬಂದ ಹುಡುಗನಿಗೆ ಟವೆಲು ಕೊಟ್ಟು ಕೂರಿಸಿದೆವು. ನೋಟು ಕೊಡಲು ಹೋದರೆ, ‘ಬೇಡಿ ಸಾ, ನಿಮ್ ಮಗ ಆಪಲ್ಲೇ ಹಾಕವ್ರ’ ಎಂದು ಮೊಬೈಲ್ ತೋರಿಸಿದ. ಅಷ್ಟು ಪ್ರಾಮಾಣಿಕ. ಎಷ್ಟು ಸಿಗುತ್ತದೆ ಎಂದು ಕೇಳಿದೆ. ‘ದಿನಕ್ಕೊಂದ್ ಥರ ಸಾ. ಗಾಡಿ ನಮ್ದೆ, ಪೆಟ್ರೋಲ್ ನಮ್ದೆ, ಪಂಚರ್ ಆದ್ರ ಅದೂ ನಮ್ದೆ. ಇಷ್ಟ್ ಆರ್ಡರ್ ಮುಗುಸ್ರೆ ಇಷ್ಟು ಅಂತ ಇನ್ಸೆಂಟಿವ್ ಅದ. ಒಂದ್ ಕಮ್ಮಿ ಆದ್ರ ಅದೂ ಇಲ್ಲ. ಮಳ ಬಂದ್ರ ಆರ್ಡರ್ ಜಾಸ್ತಿ, ಅದ್ಕೆ ಮಳಲೇ ಓಡುಸ್ಬೇಕು.’ ಬಿದ್ದರೆ ಗತಿ ಏನು ಎಂದಳು ಹೆಂಡತಿ. ಅವನು ನಕ್ಕು ಟವೆಲು ಮಡಚಿಟ್ಟ.

ಅವನು ಹೋದ ಮೇಲೆ ನಾನು ಇಂಥ ಕೆಲಸಗಾರರಿಗಿರುವ ಕಾನೂನುಗಳನ್ನೆಲ್ಲ ಹುಡುಕಿ ಓದಲು ಶುರುಮಾಡಿದೆ. ನೀತಿ ಆಯೋಗದ 2022ರ ವರದಿ 2020-21ರಲ್ಲಿ ದೇಶದಲ್ಲಿ ಇಂಥ ಗಿಗ್ ಕಾರ್ಮಿಕರು 77 ಲಕ್ಷ ಇದ್ದರೆಂದೂ, 2029-30ರ ಹೊತ್ತಿಗೆ 2.35 ಕೋಟಿ ಆಗಬಹುದೆಂದೂ ಹೇಳುತ್ತದೆ. ಕರ್ನಾಟಕ ಸರ್ಕಾರ ಇವರಿಗೆ ಎರಡು ಲಕ್ಷದ ಜೀವವಿಮೆ, ಎರಡು ಲಕ್ಷದ ಅಪಘಾತ ವಿಮೆಯ ಯೋಜನೆ ತಂದಿದೆ. ಹೆಸರು ನೋಂದಾಯಿಸಿಕೊಂಡಿರಬೇಕು. 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದೇ ರಾಜ್ಯದಲ್ಲಿ ಕಾಯ್ದೆಯೂ ಆಯಿತು. ಕೆಲಸಗಾರರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಕಾರಣ ಹೇಳದೆ, ಮುಂಚಿತವಾಗಿ ತಿಳಿಸದೆ ಯಾರನ್ನೂ ತೆಗೆದುಹಾಕುವಂತಿಲ್ಲ. ಆ ಹುಡುಗ ಮುಂದಿನ ಸಲ ಬಂದಾಗ ವಿಮೆಯ ವಿಷಯ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ನೋಂದಣಿಗೆ ಏನೇನು ಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ನಾನು ಅವನಿಗೆ ಕೊಟ್ಟದ್ದರಲ್ಲಿ ಉಪಯೋಗಕ್ಕೆ ಬಂದದ್ದು ಆ ಚೀಟಿ ಎಂದು ನನ್ನ ಭಾವನೆ.

ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು. ಬಾಡಿಗೆ ಕಾರಿನ ಆಪ್‌ಗಳು ಪ್ರಯಾಣಕ್ಕೆ ಮುಂಚೆಯೇ ಟಿಪ್ಸ್ ಸೇರಿಸಿ, ಬೇಗ ಗಾಡಿ ಸಿಗುತ್ತದೆ ಎಂದು ಕೇಳುತ್ತಿದ್ದವು. ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ಇದು ಸರಿಯಲ್ಲವೆಂದರು, ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸನ್ನೂ ಕೊಟ್ಟಿತು. ಓದುತ್ತಿದ್ದಂತೆ ನನಗೆ ಆ ಹೆರಿಗೆ ವಾರ್ಡಿನ ಬಾಗಿಲು ನೆನಪಾಯಿತು. ಕೆಲಸಕ್ಕೆ ಮುಂಚೆ, ಬೇರೆ ದಾರಿ ಇಲ್ಲದವರ ಹತ್ತಿರ ಕೇಳುವುದು. ಆಯಾ ಕೇಳಿದ್ದು ಹೊಟ್ಟೆಪಾಡಿಗೆ, ಇಲ್ಲಿ ಕೇಳಿದ್ದು ಕಂಪನಿ.

ತಮ್ಮನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಊಟದ ಮೇಲೆ ನೂರಕ್ಕೆ ಹದಿನೈದು ಇಪ್ಪತ್ತು ಟಿಪ್ಸ್ ಕೊಡದೆ ಎದ್ದರೆ ಅವಮಾನ ಮಾಡಿದ ಹಾಗಂತೆ. ಯಾಕೆಂದು ವಿಚಾರಿಸಿದರೆ, ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿಯ ಕೇಂದ್ರದ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ಉಳಿದದ್ದನ್ನು ಉಂಡವರು ತುಂಬಬೇಕು. ಹಲವು ರಾಜ್ಯಗಳು ಹೆಚ್ಚು ಮಾಡಿವೆ, ನಿಜ. ಆದರೂ ಜನರ ಉದಾರತೆಯನ್ನೇ ಸಂಬಳದ ಲೆಕ್ಕಕ್ಕೆ ಹಿಡಿದರೆ ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದಕ್ಕೆ ನನಗೆ ಅದು ಸಾಕ್ಷಿ. ನಮ್ಮ ಆಪ್‌ಗಳು ಆ ದಾರಿ ಹಿಡಿಯಬಾರದು. ಟಿಪ್ಸಿನ ಗುಂಡಿ ದೊಡ್ಡದಾಗುತ್ತಾ ಹೋಗಿ ಆರ್ಡರಿನ ಕೂಲಿ ಸಣ್ಣದಾಗುತ್ತಾ ಹೋಗುವುದನ್ನು ನಾವು ಸುಮ್ಮನೆ ನೋಡಿಕೊಂಡಿರಬಾರದು.

ಗುಂಡ್ಲುಪೇಟೆಗೆ ನಾನು ಈಗ ಹೋಗುವುದು ಹೆಚ್ಚಾಗಿ ಮಳೆಗಾಲದಲ್ಲಿ. ಸೂರ್ಯಕಾಂತಿ, ಚೆಂಡು ಹೂವು ಅರಳುವ ಕಾಲ. ಓಣಂ ಹತ್ತಿರ ಬಂದಾಗ ಹೂವಿನ ಗಾಡಿಗಳು ಘಟ್ಟ ಇಳಿಯುತ್ತವೆ. ಕೇರಳದಿಂದ ಕುಟುಂಬ ಸಮೇತ ಬಂದು ಹೊಲದೊಳಗೆ ನಿಂತು ಫೋಟೊ ತೆಗೆಸಿಕೊಳ್ಳುವವರು ರಸ್ತೆಯುದ್ದಕ್ಕೂ ಕಾಣುತ್ತಾರೆ. ಮೊದಲು ರೈತರು ಸುಮ್ಮನಿದ್ದರು, ಗಿಡ ತುಳಿದು ಹಾಳಾಗತೊಡಗಿದ ಮೇಲೆ ತಲೆಗೆ ಇಷ್ಟು ಎಂದು ವಸೂಲಿ ಮಾಡತೊಡಗಿದರು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಹೊಲ ಅವರದು, ಬೆಲೆ ಅವರು ಹೇಳಲಿ. ನನ್ನ ಕಣ್ಣು ಹೋಗುವುದು ಹೂ ಬಿಡಿಸುವ ಹೆಂಗಸರ ಕಡೆಗೆ. ಬೆಳಗಿನಿಂದ ಬಗ್ಗಿ, ಸೊಂಟಕ್ಕೆ ಚೀಲ ಕಟ್ಟಿ ಬಿಡಿಸುತ್ತಿರುತ್ತಾರೆ. ಫೋಟೊದವರು ಇವರನ್ನೂ ನಿಲ್ಲಿಸಿ, ಹೂವಿನ ಮಂಕರಿ ಹೊರಿಸಿ, ನಗಿಸಿ, ಕ್ಲಿಕ್ಕಿಸಿ, ಜೊತೆಗಿರುವ ಮಗುವಿನ ಕೈಗೆ ಹತ್ತು ರೂಪಾಯಿ ಇಟ್ಟು ಹೋಗುತ್ತಾರೆ. ತಾಯಿ ಕೆಲಸ ಬಿಟ್ಟು ನಿಂತಳು, ಕಾಸು ಮಗುವಿಗೆ ಹೋಯಿತು. ಹಾಗೆ ಕೊಟ್ಟದ್ದನ್ನು ಒಬ್ಬಾಕೆ ಮಗುವಿನ ಕೈಯಿಂದ ತೆಗೆದು ವಾಪಸ್ ಕೊಟ್ಟದ್ದನ್ನು ಕಂಡಿದ್ದೇನೆ. ‘ಇದ್ಕ ರೂಢಿ ಮಾಡುಸ್ಬೇಡಿ. ಕೊಡಾಂಗಿದ್ರ ನಂಗ ಕೊಡಿ, ನಿಂತಿದ್ದು ನಾನು’ ಎಂದಳು. ಭಾಷೆ ತಿಳಿಯದಿದ್ದರೂ ಅವರಿಗೆ ಅರ್ಥವಾಯಿತು. ನೋಟು ಬದಲಾಯಿಸಿ ದೊಡ್ಡದನ್ನು ಅವಳ ಕೈಗೇ ಕೊಟ್ಟರು. ಅವಳು ಸೆರಗಿನ ಗಂಟಿಗೆ ಸೇರಿಸಿ ಮತ್ತೆ ಸಾಲು ಹಿಡಿದಳು.

ಚಾಮರಾಜನಗರದ ನಮ್ಮ ಬೀದಿಯ ಕಸ ಒಯ್ಯುವ ಪೌರಕಾರ್ಮಿಕ ಮಹಿಳೆಗೆ ಮನೆಮನೆಯವರೂ ತಿಂಗಳಿಗೆ ಇಷ್ಟು ಎಂದು ಕೊಡುವ ರೂಢಿ ಹಿಂದಿನಿಂದ ಇತ್ತು. ಗುತ್ತಿಗೆಯ ಕಾಲದಲ್ಲಿ ಅದಿಲ್ಲದಿದ್ದರೆ ಅವರ ಮನೆಯ ಒಲೆ ಉರಿಯುತ್ತಿರಲಿಲ್ಲ. ಗುತ್ತಿಗೆದಾರರನ್ನು ಬಿಟ್ಟು ನೇರಪಾವತಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಎಂದಿನಂತೆ ನೋಟು ಹಿಡಿದು ಕೆಳಗಿಳಿದಳು. ಆಕೆ ತೆಗೆದುಕೊಳ್ಳಲಿಲ್ಲ.

‘ಅಕ್ಕ, ಈಗ ಸಂಬ್ಳ ನನ್ ಅಕೌಂಟ್ಗೇ ಬತ್ತದ. ತಿಂಗ್‌ತಿಂಗ್ಳು ಕೊಡದು ಬುಟ್ಬುಡಿ. ದೀಪಾವಳಿಗ ಸೀರ ಕೊಡ್ತೀನಿ ಅಂದ್ರ ಬೇಡ ಅನ್ನಕಿಲ್ಲ, ಉಟ್ಕತೀನಿ.’

‘ಮತ್ತೇನು ಬೇಕು ಹೇಳವ್ವ’ ಎಂದಳು ಹೆಂಡತಿ.

ಆಕೆ ಕೈಗವಸು ತೆಗೆದು ಹೆಬ್ಬೆರಳಿನ ಬುಡದಲ್ಲಿದ್ದ ಗಾಯದ ಕಲೆ ತೋರಿಸಿದಳು. ಯಾರದೋ ಮನೆಯ ಕಸದಲ್ಲಿ ಒಡೆದ ಗಾಜಿನ ಲೋಟ ಇತ್ತಂತೆ, ಮೂರು ಹೊಲಿಗೆ. ‘ಗಾಜು, ಬ್ಲೇಡು, ಸೂಜಿ ಎಲ್ಲಾ ಬ್ಯಾರೆ ಕಟ್ಟಿ ಮಡಗಿ. ಮ್ಯಾಲಿನ್ ಮನೆಯವ್ರ್ಗೂ ಯೋಳಿ. ನಾವ್ ಯೋಳುದ್ರ ಅವ್ರು ಕೇಳಕಿಲ್ಲ.’

ಮೇಷ್ಟ್ರು ಆ ದಿನವೇ ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಮೆಟ್ಟಿಲ ಕೆಳಗೆ ತಗುಲಿಹಾಕಿದರು. ಪಕ್ಕದಲ್ಲಿ ಹಳೆಯ ಎಣ್ಣೆಯ ಡಬ್ಬ ಒಂದನ್ನು ಇಟ್ಟಿದ್ದೇವೆ. ಒಡೆದ ಗಾಜು, ಬ್ಲೇಡು ಏನಿದ್ದರೂ ಎಲ್ಲ ಮನೆಯವರೂ ಪೇಪರಿನಲ್ಲಿ ಸುತ್ತಿ ಅದಕ್ಕೆ ಹಾಕುತ್ತಾರೆ. ಶನಿವಾರ ಆಕೆ ಬಂದಾಗ ಡಬ್ಬ ತುಂಬಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ.